ಹೊಳೆಗೆ ಇಳಿಯುವ ಮುನ್ನ ಒಂದು ಕಡ್ಡಿ

ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಅಪ್ಪಯ್ಯ ನನ್ನನ್ನು ತುಂಗೆಗೆ ಇಳಿಸಿದಾಗ ನನಗೆ ಎಂಟು ವರ್ಷ. ತೀರ್ಥಹಳ್ಳಿ ಕಡೆಯವರಾದ ನಮಗೆ ಅದು ನದಿಯಲ್ಲ, ಹೊಳೆ. ಈಗ ನನಗೆ ಅರವತ್ತೆರಡು. ಕಳೆದ ಫೆಬ್ರವರಿಯಲ್ಲಿ ಅಣ್ಣನ ಮಗಳನ್ನು ಕರೆದುಕೊಂಡು ಶೃಂಗೇರಿಯಿಂದ ಆನೆಗುಂದಿಯವರೆಗೆ ಹೊಳೆಯ ಜಾಡು ಹಿಡಿದು ಕಾರಿನಲ್ಲಿ ಹೋಗಿ ಬಂದೆ. ಡಿಕ್ಕಿಯಲ್ಲಿ ಟೆಂಟು, ಸಣ್ಣ ಗ್ಯಾಸ್ ಒಲೆ, ಅವಲಕ್ಕಿ, ಉಪ್ಪಿನಕಾಯಿ, ಎರಡು ಲೈಫ್ ಜಾಕೆಟ್ಟು.

ಹುಡುಗಿ ಬೆಂಗಳೂರಿನ ಈಜುಕೊಳದಲ್ಲಿ ಕಲಿತವಳು. “ಅತ್ತೆ, ನಾನು ನಿಲ್ಲದೆ ನಲವತ್ತು ಸುತ್ತು ಈಜ್ತೀನಿ” ಅಂದಳು. ಈಜುತ್ತಾಳೆ, ನಿಜ. ಆದರೆ ಕೊಳದ ನೀರು ನಿಂತಲ್ಲೇ ಇರುತ್ತದೆ.

ಶೃಂಗೇರಿಯಲ್ಲಿ ಮೆಟ್ಟಿಲ ಮೇಲೆ ಕೂತು ದೇವರ ಮೀನುಗಳಿಗೆ ಮಂಡಕ್ಕಿ ಹಾಕಿದೆವು, ಅಷ್ಟೆ; ಅದು ಮೀನುಗಳ ಜಾಗ. ಮೊದಲ ರಾತ್ರಿ ತಂಗಿದ್ದು ತೀರ್ಥಹಳ್ಳಿ ಹತ್ತಿರ, ಪರಿಚಯದವರ ಅಡಿಕೆ ತೋಟದ ಅಂಚಿನಲ್ಲಿ. ತೋಟದವರನ್ನು ಕೇಳದೆ ಟೆಂಟು ಹಾಕಬಾರದು, ಕಾಡಿನೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ತಂಗುವ ಹಾಗೇ ಇಲ್ಲ.

ಅವಳಿಗೆ ನೀರಿನ ಪಕ್ಕದ ಮರಳದಿಣ್ಣೆಯೇ ಬೇಕಿತ್ತು. ದಡದ ಹೊಂಗೆ ಮರ ತೋರಿಸಿದೆ. ನನ್ನ ತಲೆಗಿಂತ ಮೇಲೆ, ಕೊಂಬೆಗಳ ಸಂದಿನಲ್ಲಿ ಒಣಹುಲ್ಲು, ಕಸಕಡ್ಡಿ, ಹರಿದ ಪ್ಲಾಸ್ಟಿಕ್ಕು ಸಿಕ್ಕಿಕೊಂಡಿತ್ತು. ಹೋದ ಮಳೆಗಾಲದಲ್ಲಿ ಹೊಳೆ ಬಂದು ಹೋದ ಗುರುತು ಅದು. ಬೇಸಿಗೆಯಲ್ಲಿ ಅಷ್ಟು ನೀರು ಬರದು. ಆದರೂ ಟೆಂಟನ್ನು ದಡದ ಮೇಲೇ ಹಾಕಿದೆವು. ಅಲ್ಲಿ ಇಬ್ಬನಿಯೂ ಕಡಿಮೆ.

ಬೆಳಿಗ್ಗೆ ನೀರಂಚಿನಲ್ಲಿ ಒಂದು ಕಡ್ಡಿ ನೆಟ್ಟೆ. ಅಪ್ಪಯ್ಯನಿಂದ ಕಲಿತದ್ದು. ಕಡ್ಡಿ ಇದ್ದ ಹಾಗೇ ಇದ್ದರೆ ಈಜು; ನೀರು ಅದನ್ನು ದಾಟಿ ಬಂದರೆ ಎದ್ದು ದಡಕ್ಕೆ. ಎಲೆಯೊಂದನ್ನು ತೇಲಿಬಿಟ್ಟು ಸೆಳವು ಎತ್ತ ಒಯ್ಯುತ್ತದೆಂದೂ ನೋಡಿದೆವು. ಆಮೇಲೆ ಒಂದು ಗಂಟೆ ಈಜಿದ್ದೇ ಈಜಿದ್ದು. ಮಂಜು ಇನ್ನೂ ಹೊಳೆಯ ಮೇಲೆ ಆಡುತ್ತಿತ್ತು. ಕಾಲು ಮರಗಟ್ಟುವಷ್ಟು ತಣ್ಣಗಿನ ನೀರು, ಅಡಿಯಲ್ಲಿ ನುಣುಪು ಗುಂಡುಕಲ್ಲು. ಅರ್ಧ ಶತಮಾನದ ಹಿಂದಿನ ಮೈ ಮರಳಿ ಬಂದಂತಾಯಿತು.

ಮಂಡಗದ್ದೆಯ ಕುದುರುಗಳನ್ನೂ ಸಕ್ರೆಬೈಲಿನ ಆನೆಗಳನ್ನೂ ನೋಡಿಕೊಂಡು, ಗಾಜನೂರು ದಾಟಿ ಕೂಡಲಿಗೆ ಬಂದೆವು. 147 ಕಿಲೋಮೀಟರ್ ಹರಿದು ಬಂದ ತುಂಗೆ ಇಲ್ಲಿ ಭದ್ರೆಯನ್ನು ಕೂಡುತ್ತಾಳೆ. ಇಲ್ಲಿಯೇ ನನ್ನ ಕಡ್ಡಿ ಮುಳುಗಿದ್ದು. ಆಕಾಶದಲ್ಲಿ ಮೋಡದ ಚೂರಿಲ್ಲ, ನೀರು ಮಾತ್ರ ಮುಕ್ಕಾಲು ಗಂಟೆಯಲ್ಲಿ ಒಂದು ಗೇಣು ಏರಿತು. ಏರುವ ಮೊದಲು ತಿಳಿನೀರು ಕದಡಿತು, ಒಣ ಎಲೆ, ನೊರೆ ತೇಲಿಬಂದವು. ಬೇಸಿಗೆಯಲ್ಲಿ ಕೆಳಗಿನ ಊರುಗಳ ಕುಡಿಯುವ ನೀರಿಗೆಂದು ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ಹೊಳೆಗೆ ನೀರು ಬಿಡುವುದುಂಟು. ಬಟ್ಟೆ ಒಗೆಯುತ್ತಿದ್ದ ಹೆಂಗಸರಿಗೆ ಅದು ಮೊದಲೇ ಗೊತ್ತು. ಹಾಗಾಗಿ ಯಾವ ದಡಕ್ಕೆ ಹೋದರೂ ಮೊದಲು ಒಗೆಯುವವರನ್ನು, ಮೀನು ಹಿಡಿಯುವವರನ್ನು ಕೇಳಿ. ಸೆಳವಿಗೆ ಸಿಕ್ಕರೆ ಎದುರು ಈಜಬೇಡಿ, ನಿಲ್ಲಲು ಕಾಲೂರಬೇಡಿ. ಕಲ್ಲಿನ ಸಂದಿಗೆ ಪಾದ ಸಿಕ್ಕಿದರೆ ನೀರು ಬಗ್ಗಿಸಿ ಮುಳುಗಿಸುತ್ತದೆ. ಅಂಗಾತ ಮಲಗಿ, ಕಾಲು ಮುಂದೆ ಮಾಡಿ ತೇಲುತ್ತ, ಓರೆಯಾಗಿ ದಡದ ಕಡೆ ಸರಿಯಬೇಕು.

ಅಲ್ಲಿಂದ ಮುಂದೆ ಮರಳು ತೆಗೆದ ಕಡೆಗಳಲ್ಲಿ ನಾವು ಇಳಿಯಲಿಲ್ಲ. ಮೊಣಕಾಲು ಮಟ್ಟದ ನೀರು ಮುಂದಿನ ಹೆಜ್ಜೆಗೇ ಆಳುದ್ದ ಹೊಂಡವಾಗಿರುತ್ತದೆ, ಮೇಲಿನಿಂದ ಏನೂ ಕಾಣದು. ಹೊಳೆಯನ್ನು ಹೀಗೆ ಬಗೆದಿರುವುದನ್ನು ನೋಡಿ ನನಗೆ ಸಂಕಟವಾಯಿತು.

ಕೊನೆಗೆ ಆನೆಗುಂದಿ. ಅಷ್ಟು ದೂರ ಹೋಗಿ ಅಲ್ಲಿ ನಾನು ನೀರಿಗಿಳಿಯಲಿಲ್ಲ. “ಇಳೀಬ್ಯಾಡ್ರಿ ಅಮ್ಮಾ, ಬಂಡಿ ಬುಡಕ್ಕೆಲ್ಲ ಗವಿ ಅದಾವು, ನೀರು ಒಳಕ್ಕ ಎಳೀತೈತಿ” ಅಂದ ಹರಿಗೋಲಿನವನು. ಮೊಸಳೆಗಳೂ ಇವೆ. ಮೇಲೆ ಹೊಸಪೇಟೆಯ ಅಣೆಕಟ್ಟು, 33 ಗೇಟು; 2024ರ ಆಗಸ್ಟ್ 10ರ ರಾತ್ರಿ ಅದರ 19ನೆಯದು ಕೊಚ್ಚಿಹೋದದ್ದನ್ನು ಈ ದಡದವರು ಮರೆತಿಲ್ಲ. ಲೈಫ್ ಜಾಕೆಟ್ಟು ತೊಟ್ಟು ಹರಿಗೋಲಿನಲ್ಲೇ ಹೊಳೆ ದಾಟಿದೆವು. ರಾತ್ರಿ ಊರೊಳಗಿನ ಒಂದು ಮನೆಯಂಗಳದಲ್ಲಿ ಟೆಂಟು.

ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿಗಳ ಸಂರಕ್ಷಿತ ತಾಣ. ಮರುದಿನ ಬೆಳಕು ಹರಿಯುವ ಮೊದಲೇ ಬಂಡೆಯೊಂದರ ಮೇಲೆ ಸದ್ದಿಲ್ಲದೆ ಕೂತೆವು. ನಾವು ಇಳಿಯದೆ ಬಿಟ್ಟ ಅದೇ ಮಡುವಿನಲ್ಲಿ, ಸೆಳವಿಗೆ ಎದುರಾಗಿ ತಲೆಗಳು ಎದ್ದವು, ಮುಳುಗಿದವು, ಮತ್ತೆ ಎದ್ದವು. ಹುಡುಗಿ ನನ್ನ ಮೊಣಕೈ ಹಿಡಿದು ಪಿಸುದನಿಯಲ್ಲಿ ಎಣಿಸತೊಡಗಿದಳು: “ನಾಲ್ಕು ಅತ್ತೆ... ಅಲ್ಲ, ಐದು.”