ವನ್ಯಜೀವಿ ಛಾಯಾಗ್ರಹಣ: ಡಿಜಿಟಲ್ ಕ್ಯಾಮೆರಾದ ಆಯ್ಕೆ ಮತ್ತು ವಿದ್ಯುತ್ ವ್ಯವಸ್ಥೆ

ಪೀಠಿಕೆ

1942ರ ಸ್ವಾತಂತ್ರ್ಯ ಹೋರಾಟದಿಂದ ಹೆಸರಾದ ಶಿಕಾರಿಪುರ ತಾಲ್ಲೂಕಿನ ಈಸೂರಿನಿಂದ ಒಂದೇ ದಿನದಲ್ಲಿ ಹೋಗಿ ಬರಬಹುದಾದ ಎರಡು ವನ್ಯಜೀವಿ ತಾಣಗಳಿವೆ. ಮೊದಲನೆಯದು ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮ. ಎರಡನೆಯದು ಶಿವಮೊಗ್ಗ–ಸಾಗರ ರಸ್ತೆಯಲ್ಲಿರುವ ತ್ಯಾವರೆಕೊಪ್ಪ ಹುಲಿ ಮತ್ತು ಸಿಂಹಧಾಮ. ಗುಡವಿಯಲ್ಲಿ ಹಕ್ಕಿಗಳು ಗೂಡು ಕಟ್ಟುವ ಕಾಲ ಜೂನ್‌ನಿಂದ ನವೆಂಬರ್‌ವರೆಗೆ, ಅಂದರೆ ಬಹುಪಾಲು ಮಳೆಗಾಲ. ಬೆಳಕು ಮಂದವಾಗಿದ್ದು, ತೇವಾಂಶ ಹೆಚ್ಚಿರುವ ಈ ಕಾಲಕ್ಕೆ ಒಪ್ಪುವಂತೆ ಸಲಕರಣೆಗಳನ್ನು ಆರಿಸಿಕೊಂಡು, ಮನೆಯಿಂದ ಹೊರಡುವ ಮುನ್ನವೇ ಬ್ಯಾಟರಿಗಳನ್ನು ಸಿದ್ಧಪಡಿಸಿಕೊಳ್ಳುವುದು ಅವಶ್ಯಕ.

1. ಕ್ಯಾಮೆರಾ ಮತ್ತು ಲೆನ್ಸ್

ಗುಡವಿಯಲ್ಲಿ ಬಿಳಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಮುಂತಾದವು ಕೆರೆಯ ನೀರಿನಲ್ಲಿ ನಿಂತ ಮರಗಳ ಮೇಲೆ ಗೂಡು ಕಟ್ಟುತ್ತವೆ. ವೀಕ್ಷಣಾ ಗೋಪುರದಿಂದ ಇವುಗಳ ಸ್ಪಷ್ಟ ಚಿತ್ರ ಪಡೆಯಲು ಕನಿಷ್ಠ 300 ಮಿ.ಮೀ. ಲೆನ್ಸ್ ಅಪೇಕ್ಷಣೀಯ. 1.5 ಪಟ್ಟು ಗುಣಕವುಳ್ಳ ಸಣ್ಣ ಸಂವೇದಕದ ಕ್ಯಾಮೆರಾದಲ್ಲಿ ಇದು 450 ಮಿ.ಮೀ. ಲೆನ್ಸಿನಷ್ಟು ಹತ್ತಿರದ ನೋಟ ನೀಡುತ್ತದೆ. ಇಂತಹ ಲೆನ್ಸಿಗೆ ಷಟರ್ ವೇಗ ಸಾಮಾನ್ಯವಾಗಿ ಸೆಕೆಂಡಿನ 1/500ಕ್ಕಿಂತ ಕಡಿಮೆಯಾಗದಂತೆ ನೋಡಿಕೊಳ್ಳಬೇಕು. ಮೋಡ ಕವಿದಾಗ ಐಎಸ್ಒ ಮಟ್ಟವನ್ನು ಹೆಚ್ಚಿಸಬೇಕು. ಕಪ್ಪು ಎಲೆಗಳ ಹಿನ್ನೆಲೆಯಲ್ಲಿ ಬಿಳಿ ಹಕ್ಕಿಯ ಗರಿಗಳು ಮಸುಕಾಗದಂತೆ, ಬೆಳಕಿನ ಪ್ರಮಾಣವನ್ನು ಸುಮಾರು ಒಂದು ಹಂತದಷ್ಟು ತಗ್ಗಿಸುವುದು ಸೂಕ್ತ.

ಸಫಾರಿ ವಾಹನದಲ್ಲಿ ತ್ರಿಪಾದಿ ಉಪಯೋಗಕ್ಕೆ ಬರುವುದಿಲ್ಲ. ಬಟ್ಟೆಯ ಚೀಲದಲ್ಲಿ ಅಕ್ಕಿ ಅಥವಾ ಹುರುಳಿ ತುಂಬಿ ಕಿಟಕಿಯ ಅಂಚಿನ ಮೇಲಿರಿಸಿದರೆ ಲೆನ್ಸ್ ಸ್ಥಿರವಾಗಿರುತ್ತದೆ. ಕಿಟಕಿಗೆ ಜಾಲರಿಯಿದ್ದಲ್ಲಿ ಲೆನ್ಸನ್ನು ಅದರ ಸಮೀಪಕ್ಕೆ ತಂದು, ದ್ವಾರವನ್ನು ಪೂರ್ಣವಾಗಿ ತೆರೆದರೆ ಚಿತ್ರದಲ್ಲಿ ಜಾಲರಿ ಬಹುತೇಕ ಕಾಣಿಸುವುದಿಲ್ಲ. ಲೆನ್ಸನ್ನಾಗಲಿ ಕೈಯನ್ನಾಗಲಿ ಜಾಲರಿಯಿಂದ ಹೊರಗೆ ಚಾಚಬಾರದು.

2. ಬ್ಯಾಟರಿ ಮತ್ತು ಚಾರ್ಜಿಂಗ್

ಬ್ಯಾಟರಿಯ ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಿದರೆ ಅದರ ಶಕ್ತಿ ವ್ಯಾಟ್-ಗಂಟೆಯಲ್ಲಿ ತಿಳಿಯುತ್ತದೆ. ಉದಾಹರಣೆಗೆ, 7.2 ವೋಲ್ಟ್, 1,500 ಮಿಲಿ ಆಂಪಿಯರ್-ಗಂಟೆಯ ಬ್ಯಾಟರಿಯ ಶಕ್ತಿ 10.8 ವ್ಯಾಟ್-ಗಂಟೆ. 3.7 ವೋಲ್ಟ್, 10,000 ಮಿಲಿ ಆಂಪಿಯರ್-ಗಂಟೆಯ ಪವರ್ ಬ್ಯಾಂಕಿನಲ್ಲಿ 37 ವ್ಯಾಟ್-ಗಂಟೆ ಇರುತ್ತದೆ. ಲೆಕ್ಕದ ಪ್ರಕಾರ ಇದರಿಂದ ಮೂರು ಬಾರಿ ಚಾರ್ಜ್ ಮಾಡಬಹುದಾದರೂ, ಪರಿವರ್ತನೆಯಲ್ಲಿ ಶಕ್ತಿ ನಷ್ಟವಾಗುವುದರಿಂದ ಎರಡು ಬಾರಿ ಎಂದೇ ಭಾವಿಸತಕ್ಕದ್ದು. ಯುಎಸ್‌ಬಿ ಮೂಲಕ ಚಾರ್ಜ್ ಆಗುವ ಸೌಲಭ್ಯ ಕ್ಯಾಮೆರಾದಲ್ಲಿದೆಯೇ ಎಂಬುದನ್ನು ಮೊದಲೇ ಪರಿಶೀಲಿಸಬೇಕು.

- ಕನಿಷ್ಠ ಒಂದು ಹೆಚ್ಚುವರಿ ಬ್ಯಾಟರಿಯನ್ನು ಪೂರ್ಣ ಚಾರ್ಜ್ ಮಾಡಿ ಒಯ್ಯಬೇಕು. ಮಳೆಗಾಲದಲ್ಲಿ ವಿದ್ಯುತ್ ಕಡಿತದ ಸಂಭವವಿರುವುದರಿಂದ ಹಿಂದಿನ ದಿನ ಹಗಲಿನಲ್ಲಿಯೇ ಚಾರ್ಜ್ ಮಾಡುವುದು ಒಳಿತು.
- ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಹೊಂದುವ ಚಾರ್ಜರ್ ಇದ್ದಲ್ಲಿ ಪ್ರಯಾಣದ ವೇಳೆಯನ್ನೂ ಬಳಸಿಕೊಳ್ಳಬಹುದು.
- ಪೆನ್ಸಿಲ್ ಸೆಲ್ ಬಳಸುವ ಕ್ಯಾಮೆರಾಗಳಿಗೆ ಸಾಮಾನ್ಯ ಸೆಲ್‌ಗಳ ಬದಲು ಮರುಚಾರ್ಜ್ ಮಾಡಬಹುದಾದ ನಿಕಲ್-ಮೆಟಲ್ ಹೈಡ್ರೈಡ್ ಸೆಲ್‌ಗಳು ಉತ್ತಮ.
- ಉಬ್ಬಿದ ಬ್ಯಾಟರಿಯನ್ನು ಬಳಸಬಾರದು. ಹಾಳಾದ ಬ್ಯಾಟರಿ ಅಥವಾ ಸೆಲ್ ಅನ್ನು ಅರಣ್ಯದಲ್ಲಿ ಎಸೆಯದೆ ಮರಳಿ ತರಬೇಕು.
- ಚಿತ್ರಗಳನ್ನು ಪದೇಪದೇ ಪರದೆಯ ಮೇಲೆ ನೋಡುವುದನ್ನು ತಪ್ಪಿಸಿದರೆ ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ.

3. ತೇವಾಂಶದಿಂದ ರಕ್ಷಣೆ

ಹವಾನಿಯಂತ್ರಿತ ಕಾರಿನಿಂದ ಹೊರತೆಗೆದ ತಂಪಾದ ಲೆನ್ಸಿನ ಮೇಲೆ ಮಂಜು ಕಟ್ಟುತ್ತದೆ. ಆದುದರಿಂದ ಕ್ಯಾಮೆರಾವನ್ನು ಕೆಲ ನಿಮಿಷ ಚೀಲದಲ್ಲಿಯೇ ಇರಿಸಿ, ಹೊರಗಿನ ಉಷ್ಣತೆಗೆ ಹೊಂದಿಕೊಂಡ ನಂತರ ತೆಗೆಯಬೇಕು. ಮನೆಗೆ ಮರಳಿದ ಮೇಲೆ ಒಣಬಟ್ಟೆಯಿಂದ ಒರೆಸಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿದ ಡಬ್ಬಿಯಲ್ಲಿ ಇಡದಿದ್ದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುವ ಸಂಭವವಿದೆ.

4. ಪಾಲಿಸಬೇಕಾದ ನಿಯಮಗಳು

ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಕಲಂ 28ರಂತೆ ಅಭಯಾರಣ್ಯದಲ್ಲಿ ಛಾಯಾಗ್ರಹಣವು ಅನುಮತಿಗೆ ಒಳಪಟ್ಟಿದೆ. ಕಲಂ 27ರಂತೆ ವನ್ಯಪ್ರಾಣಿಗಳನ್ನು ಕೆಣಕುವುದು ಮತ್ತು ಕಸ ಹಾಕುವುದು ನಿಷಿದ್ಧ. ಗೂಡಿನ ಹತ್ತಿರ ಹೋಗುವುದು, ಫ್ಲಾಷ್ ಬಳಸುವುದು, ಹಕ್ಕಿ ಹಾರಲೆಂದು ಚಪ್ಪಾಳೆ ತಟ್ಟುವುದು ಸಲ್ಲದು. ಬೆದರಿದ ತಾಯಿಹಕ್ಕಿ ಗೂಡು ಬಿಟ್ಟೆದ್ದರೆ ಮೊಟ್ಟೆ ಮತ್ತು ಮರಿಗಳು ಮಳೆಗೆ, ಕಾಗೆ-ಹದ್ದುಗಳಿಗೆ ಈಡಾಗುತ್ತವೆ. ಅನುಮತಿಯಿಲ್ಲದೆ ಡ್ರೋನ್ ಹಾರಿಸಬಾರದು.

ಪ್ರವೇಶದ ವೇಳೆ, ವಾರದ ರಜೆ ಮತ್ತು ಕ್ಯಾಮೆರಾ ಶುಲ್ಕದ ಪ್ರಚಲಿತ ದರಗಳನ್ನು ಹೊರಡುವ ಮುನ್ನ ವಿಚಾರಿಸಿ ತಿಳಿದುಕೊಳ್ಳುವುದು ಹಾಗೂ ಶುಲ್ಕ ಪಾವತಿಸಿದ ರಸೀದಿಯನ್ನು ತಾಣದಿಂದ ಹೊರಬರುವವರೆಗೆ ಇಟ್ಟುಕೊಳ್ಳುವುದು ಸೂಕ್ತ.