ಬಾಟಲಿಯ ಮೇಲೊಂದು ಊರು

ಚಳಿಗಾಲ ಬಂತೆಂದರೆ ಬೆಂಗಳೂರು, ಪುಣೆಗಳಲ್ಲಿ ಸ್ಕಾಚ್ ಟೇಸ್ಟಿಂಗ್‌ಗಳ ಸುಗ್ಗಿ. ಬೆಳಗಾವಿ ಜಿಲ್ಲೆಯ ಗಡಿಯಲ್ಲಿ, ಕಬ್ಬು ಮತ್ತು ತಂಬಾಕಿನ ನಾಡಾದ ಕೊಗನೊಳ್ಳಿಯಲ್ಲಿ ಕುಳಿತು ನೋಡಿದರೆ ವಿಸ್ಕಿಯ ಲೋಟದಲ್ಲಿ ಕಾಣುವುದೇ ಬೇರೆ.

ಕಳೆದ ಚಳಿಗಾಲದಲ್ಲಿ ಗೆಳೆಯನೊಬ್ಬ ಬೆಂಗಳೂರಿನ ವಿಸ್ಕಿ ಟೇಸ್ಟಿಂಗ್‌ಗೆ ಕರೆದೊಯ್ದಿದ್ದ. ಮರಳುವಾಗ ನಾನು ತಂದದ್ದು ಬಾಟಲಿಯಲ್ಲ, ತೊಳೆಯದ ಒಂದು ಗಾಜಿನ ಲೋಟ. ಬಾಯಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಪೇಪರಿನಲ್ಲಿ ಸುತ್ತಿ, ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಬೆಳಿಗ್ಗೆ ಅದನ್ನು ಕಾಕಾನ ಕೈಗೆ ಕೊಟ್ಟೆ.

ಕಾಕಾ ಜನ್ಮದಲ್ಲಿ ಕುಡಿದವರಲ್ಲ. ಆದರೆ ನಿಪ್ಪಾಣಿಯ ತಂಬಾಕು ವಖಾರಿಗಳಲ್ಲಿ ಮೂವತ್ತು ವರ್ಷ ಮಾಲು ಆರಿಸಿದವರು. ಚೀಲದಿಂದ ಒಂದು ಹಿಡಿ ತೆಗೆದು, ಅಂಗೈಯಲ್ಲಿ ತಿಕ್ಕಿ ಮೂಗಿಗೆ ಹಿಡಿದರೆಂದರೆ, ಅದು ಯಾವ ಕಡೆಯ ಹೊಲದ್ದು, ಮಳೆ ತಾಗಿದೆಯೋ ಇಲ್ಲವೋ ಎಂದು ಹೇಳಿಬಿಡುತ್ತಿದ್ದರು. ಆ ಮೂಗು ಈಗ ಲೋಟದೊಳಗೆ ಇಳಿಯಿತು.

‘ಮೊದಲ ಗಾಣದ ಮನಿ ವಾಸನಿ ಬರತೈತಿ. ಬೆಲ್ಲದ ಪಾಕ ಇಳಸೂ ಮುಂದ ಬರತೈತಲ್ಲ, ಅದು’ ಅಂದರು. ಲೋಟ ಸರಿಸಿ, ಉಸಿರು ಬಿಟ್ಟು, ಮತ್ತೆ ಮೂಸಿದರು. ‘ಆಮ್ಯಾಲ ಹೊಗಿ. ತಂಬಾಕಿಂದಲ್ಲ, ಕಟಗಿದೂ ಅಲ್ಲ. ಮಣ್ಣ ಸುಟ್ಟಾಂಗ ಐತಿ.’

ನಾನು ಬೆರಗಾದೆ. ಆ ಲೋಟದಲ್ಲಿದ್ದದ್ದು ಸ್ಕಾಟ್ಲೆಂಡಿನ ಐಲಾ ದ್ವೀಪದ ವಿಸ್ಕಿ. ಜೌಗಿನಲ್ಲಿ ಸಾವಿರಾರು ವರ್ಷ ಕೊಳೆತ ಹುಲ್ಲು, ಪಾಚಿ ಸೇರಿ ಆದ ‘ಪೀಟ್’ ಎಂಬ ಕಪ್ಪು ಮಣ್ಣನ್ನು ಅಲ್ಲಿ ಹೆಂಟೆಹೆಂಟೆಯಾಗಿ ಕಡಿದು, ಒಣಗಿಸಿ, ಸುಡುತ್ತಾರೆ. ವಿಸ್ಕಿಗೆಂದು ಮೊಳಕೆ ಬರಿಸಿದ ಬಾರ್ಲಿ ಆ ಹೊಗೆಯಲ್ಲಿ ಒಣಗುತ್ತದೆ. ಕಾಕಾ ಹೇಳಿದ ‘ಮಣ್ಣ ಸುಟ್ಟ’ ವಾಸನೆ ಅದೇ.

‘ಯಾವ ಊರಿಂದೋ ಇದು?’ ಎಂದು ಕೇಳಿದರು ಕಾಕಾ. ಬೆಲೆ ಕೇಳಲಿಲ್ಲ, ಕಂಪನಿ ಕೇಳಲಿಲ್ಲ. ಊರು ಕೇಳಿದರು.

ಹೊಳೆ ಒಂದು, ಕಾಯಿದೆ ಎರಡು

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಬರುವವರಿಗೆ ಕೊಗನೊಳ್ಳಿ ಎಂದರೆ ಕರ್ನಾಟಕದ ಹೊಸ್ತಿಲು. ದೂಧಗಂಗಾ ಸೇತುವೆಯ ಆಚೆ ಮಹಾರಾಷ್ಟ್ರದ ಕಾಗಲ್, ಈಚೆ ನಾವು. ಕೋವಿಡ್ ಕಾಲದಲ್ಲಿ ತಪಾಸಣೆ, ಗಡಿ ತಂಟೆ ಎದ್ದಾಗ ಪೊಲೀಸ್ ಬಂದೋಬಸ್ತು, ಹೀಗೆ ಏನಾದರೂ ಅಡ್ಡಿಯಾದಾಗಲೇ ನಮ್ಮೂರು ಪತ್ರಿಕೆಯಲ್ಲಿ ಬರುವುದು.

ಮದ್ಯದ ವಿಷಯದಲ್ಲಂತೂ ಈ ಹೊಳೆ ದೊಡ್ಡ ಗೋಡೆ. 1956ರವರೆಗೆ ಬೆಳಗಾವಿ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು. 1949ರ ಮುಂಬೈ ಪಾನನಿಷೇಧ ಕಾಯಿದೆ ಎರಡೂ ದಂಡೆಗೆ ಒಂದೇ ಆಗಿತ್ತು. ಆ ಕಾಯಿದೆ ಮಹಾರಾಷ್ಟ್ರದಲ್ಲಿ ಇನ್ನೂ ಜೀವಂತವಿದೆ. ಅಲ್ಲಿ ಕುಡಿಯಲು ಇವತ್ತಿಗೂ ಪರವಾನಗಿ ಚೀಟಿ ಬೇಕು. ವಿಸ್ಕಿ ಮುಟ್ಟಲು 25 ವರ್ಷ ತುಂಬಿರಬೇಕು. ಈಚೆ ದಂಡೆಯಲ್ಲಿ 21 ಸಾಕು. ಆಚೆಯ ಬಾಟಲಿ ಈಚೆ ಬಂದರೆ ಅಬಕಾರಿಯವರ ಕಣ್ಣಿಗೆ ಅದು ಕಳ್ಳಮಾಲು. ಗೋವಾದ ಅಗ್ಗದ ಬಾಟಲಿಗಳನ್ನು ಹುಡುಕಿ ಬೆಳಗಾವಿ ಜಿಲ್ಲೆಯ ಚೆಕ್‌ಪೋಸ್ಟ್‌ಗಳಲ್ಲಿ ಡಿಕ್ಕಿ ತೆರೆಸುವುದು ನಿತ್ಯದ ನೋಟ. ನನ್ನ ಲೋಟ ಬೆಂಗಳೂರಿನಿಂದ ಬಂದದ್ದು, ಅದೂ ಖಾಲಿ. ವಾಸನೆಗೆ ಚೆಕ್‌ಪೋಸ್ಟ್ ಇಲ್ಲ.

ಸ್ಕಾಟ್ಲೆಂಡಿನಲ್ಲಿ ವಿಸ್ಕಿ ಅಂಗಡಿಯವರು ಅಂಗಡಿಯ ಒಳಗೇ ಮೇಜು ಹಾಕಿ, ಹೊಸ ಬಾಟಲಿ ಬಂದಾಗಲೆಲ್ಲ ಗಿರಾಕಿಗಳನ್ನು ಕೂರಿಸಿ ರುಚಿ ತೋರಿಸುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಕರ್ನಾಟಕದಲ್ಲಿ ಸಿ.ಎಲ್-2 ಪರವಾನಗಿಯ ವೈನ್‌ಶಾಪ್‌ನವರು ಸೀಲ್ ಮುರಿಯದ ಬಾಟಲಿ ಮಾರಬಹುದು, ಅಲ್ಲಿ ನಿಂತು ಕುಡಿಯಲು ಬಿಡುವಂತಿಲ್ಲ. ಕುಡಿಸಲು ಕ್ಲಬ್ಬಿನ ಸಿ.ಎಲ್-4, ಹೋಟೆಲಿನ ಸಿ.ಎಲ್-7, ಬಾರಿನ ಸಿ.ಎಲ್-9 ಬೇಕು. ಹಾಗಾಗಿ ಬಾಟಲಿ ಮಾರುವವರು ಒಂದೆಡೆ, ಲೋಟ ತುಂಬುವವರು ಇನ್ನೊಂದೆಡೆ. ಬೆಂಗಳೂರಿನ ಟಾನಿಕ್, ಮಧುಲೋಕದಂಥ ದೊಡ್ಡ ಅಂಗಡಿಗಳಲ್ಲಿ ಕಪಾಟುಗಟ್ಟಲೆ ಸಿಂಗಲ್ ಮಾಲ್ಟ್ ಇದ್ದರೂ, ಟೇಸ್ಟಿಂಗ್‌ಗೆ ಹೋಟೆಲಿನ ಹಾಲ್ ಅಥವಾ ಕ್ಲಬ್ಬು ಹುಡುಕಬೇಕು.

ಹದಿನೈದು ಮಿಲಿಯ ಸಂಯಮ

ನಮ್ಮ ಕಡೆ ಅಳತೆ ಎಂದರೆ ನೈಂಟಿ, ಕ್ವಾರ್ಟರ್. ಟೇಸ್ಟಿಂಗ್‌ನಲ್ಲಿ ಒಂದೊಂದು ಬಾಟಲಿಯಿಂದ ಸುರಿಯುವುದು ಹದಿನೈದು ಮಿಲಿಯ ಆಸುಪಾಸು. ಐದು ಬಾಟಲಿ ಮುಗಿದಾಗಲೂ ನೈಂಟಿಯ ಲೆಕ್ಕ ತುಂಬಿರುವುದಿಲ್ಲ. ಬೇಡವೆಂದವರಿಗೆ ಉಗುಳಲು ಬೋಗುಣಿಯೂ ಇರುತ್ತದೆ. ಬೋಗುಣಿ ಕಂಡು ನನಗೆ ನಗು ಬಂದಿತ್ತು; ತಂಬಾಕಿನ ನಾಡಿನವನಿಗೆ ಪೀಕದಾನಿ ಹೊಸದಲ್ಲವಲ್ಲ!

ಲೋಟವೂ ಬೇರೆ. ತಳ ಅಗಲ, ಹೊಟ್ಟೆ ಉಬ್ಬು, ಬಾಯಿ ಕಿರಿದು. ಗ್ಲೆನ್‌ಕೇರ್ನ್ ಎಂಬ ಈ ಲೋಟ ಸ್ಕಾಟ್ಲೆಂಡಿನಲ್ಲಿ ಮಾರುಕಟ್ಟೆಗೆ ಬಂದದ್ದು 2001ರಲ್ಲಿ. ಮೇಲೇಳುವ ಆವಿಯೆಲ್ಲ ಕಿರಿದಾದ ಬಾಯಿಯಲ್ಲಿ ಕೂಡಿ ಮೂಗಿಗೆ ಸಿಗಲಿ ಎಂದೇ ಆ ಆಕಾರ. ಮೊದಲು ದೂರದಿಂದ, ಬಾಯಿ ಅರೆ ತೆರೆದು ಮೂಸಬೇಕು. ಒಮ್ಮೆಲೇ ಮೂಗು ತೂರಿಸಿದರೆ ಮದ್ಯಸಾರದ ಕಾರಕ್ಕೆ ಮೂಗು ಮರಗಟ್ಟಿ, ಮತ್ತೇನೂ ತಿಳಿಯದು. ಆಮೇಲೆ ಒಂದು ಗುಟುಕು, ನಾಲಿಗೆಯ ಮೇಲೆ ಹೊರಳಿಸಿ. ಕೊನೆಗೆ ಎರಡು ಹನಿ ನೀರು ಬೆರೆಸಿ ಮತ್ತೆ ಮೂಸಬೇಕು.

ಈ ಎರಡು ಹನಿ ನೀರು ಬರಿ ಶೋಕಿಯಲ್ಲ. ಪೀಟ್ ವಿಸ್ಕಿಯ ಹೊಗೆ ವಾಸನೆಗೆ ಕಾರಣವಾದ ವಸ್ತುಗಳಲ್ಲೊಂದು ಗ್ವಾಯಕಾಲ್. ಮದ್ಯಸಾರ ಹೆಚ್ಚಿದ್ದಾಗ ಅದು ದ್ರವದ ಒಳಗೇ ಅಡಗಿರುತ್ತದೆ, ನೀರು ಬೆರೆತಾಗ ಮೇಲ್ಮೈಗೆ ಬರುತ್ತದೆ ಎಂದು ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು 2017ರಲ್ಲಿ ಕಂಪ್ಯೂಟರ್ ಲೆಕ್ಕಾಚಾರದಿಂದ ತೋರಿಸಿದರು. ಒಣಗಿದ ತಂಬಾಕಿಗೆ ನೀರು ಚಿಮುಕಿಸಿ ಮೂಸುವ ಕಾಕಾನಿಗೆ ಇದನ್ನು ಹೇಳಿದೆ. ‘ಅದನ್ನ ಹೇಳಾಕ ಕಂಪ್ಯೂಟರ್ ಬೇಕಾತೇನು?’ ಅಂದರು.

ಕಾಕಂಬಿಯ ವಿಸ್ಕಿ, ಬಾರ್ಲಿಯ ವಿಸ್ಕಿ

ನಿಪ್ಪಾಣಿಯ ಹಾಲಸಿದ್ಧನಾಥ, ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ಕಾಗವಾಡ ತಾಲ್ಲೂಕಿನಲ್ಲಿ 1939ರಷ್ಟು ಹಿಂದೆಯೇ ಆರಂಭವಾದ ಉಗಾರ. ನಮ್ಮ ಸುಗ್ಗಿ ಈ ಸಕ್ಕರೆ ಕಾರ್ಖಾನೆಗಳ ಸುತ್ತ ಸುತ್ತುತ್ತದೆ. ಒಂದು ಟನ್ ಕಬ್ಬು ಅರೆದರೆ ಸಕ್ಕರೆ ಹೋಗಿ ಉಳಿಯುವ ಕಾಕಂಬಿ ಸುಮಾರು 40–45 ಕಿಲೋ. ಅದರಿಂದ ಹತ್ತು ಲೀಟರಿನಷ್ಟು ಮದ್ಯಸಾರ ಬರುತ್ತದೆ. ಭಾರತದಲ್ಲಿ ‘ವಿಸ್ಕಿ’ ಎಂದು ಮಾರಾಟವಾಗುವ ಅಗ್ಗದ ಬಾಟಲಿಗಳ ಹೊಟ್ಟೆ ಬಹುಕಾಲ ತುಂಬಿದ್ದು ಇದರಿಂದಲೇ: ವಾಸನೆ, ಬಣ್ಣ ಇಲ್ಲದ ಶುದ್ಧ ಮದ್ಯಸಾರ, ಅದಕ್ಕೆ ಒಂದಿಷ್ಟು ಮಾಲ್ಟ್ (ಮೊಳಕೆ ಬಾರ್ಲಿಯ ವಿಸ್ಕಿ), ಒಂದಿಷ್ಟು ಬಣ್ಣ. ಧಾನ್ಯದಿಂದ ಮಾಡದ್ದನ್ನು ವಿಸ್ಕಿ ಎಂದು ಕರೆಯಲು ಐರೋಪ್ಯ ಒಕ್ಕೂಟ ಬಿಡುವುದಿಲ್ಲ. ಈಗ ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆಸುವ ಕಾಲ. ನಮ್ಮ ಕಬ್ಬು ಬಾಟಲಿಗಿಂತ ಬೈಕಿನ ಟಾಕಿಯನ್ನೇ ಹೆಚ್ಚು ಸೇರುತ್ತಿದೆ.

ಸ್ಕಾಚ್‌ನ ಕಟ್ಟಳೆ ಬಿಗಿ. 2009ರ ನಿಯಮಗಳ ಪ್ರಕಾರ ಅದು ಸ್ಕಾಟ್ಲೆಂಡಿನಲ್ಲೇ ಬಟ್ಟಿ ಇಳಿದಿರಬೇಕು, ಅಲ್ಲೇ 700 ಲೀಟರಿಗೆ ಮೀರದ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಮಲಗಿರಬೇಕು, ಮದ್ಯಸಾರ ಶೇ 40ಕ್ಕಿಂತ ಕೆಳಗೆ ಇಳಿಯಬಾರದು. ಹೈಲ್ಯಾಂಡ್, ಲೋಲ್ಯಾಂಡ್, ಸ್ಪೇಸೈಡ್, ಕ್ಯಾಂಪ್ಬೆಲ್‌ಟೌನ್, ಐಲಾ ಎಂಬ ಐದು ಸೀಮೆಗಳ ಹೆಸರಿಗೆ ಕಾನೂನಿನ ಕಾವಲಿದೆ. ಐಲಾದ ಜನಸಂಖ್ಯೆ ಮೂರು ಸಾವಿರದ ಸುಮಾರು, ನಮ್ಮ ಸೀಮೆಯ ಒಂದು ಹಳ್ಳಿಯಷ್ಟು. ಅಲ್ಲಿನ ಬೋಮೋರ್, ಪೋರ್ಟ್ ಎಲೆನ್ ಎಂಬ ಹಳ್ಳಿಗಳ ಹೆಸರು ಲೋಕವೆಲ್ಲ ಬಾಟಲಿಗಳ ಮೇಲೆ ತಿರುಗುತ್ತಿದೆ.

ಕಂಬೀಪುರದ ದೇವತೆಗಳು

ಕರ್ನಾಟಕದವರು ಈ ಆಟಕ್ಕೆ ಇಳಿದ ಕತೆ ಬೆಂಗಳೂರಿನದು. 1948ರಲ್ಲಿ ರಾಧಾಕೃಷ್ಣ ಜಗದಾಳೆ ಕಟ್ಟಿದ ಅಮೃತ್ ಡಿಸ್ಟಿಲರೀಸ್ ಬಹುಕಾಲ ಬ್ರಾಂದಿ, ರಮ್ ಮಾಡಿಕೊಂಡಿತ್ತು. ಮಗ ನೀಲಕಂಠ ಜಗದಾಳೆಯವರ ಕಾಲದಲ್ಲಿ, ಬೆರಕೆ ವಿಸ್ಕಿಗೆಂದು ಬಾರ್ಲಿಯಿಂದ ತೆಗೆದ ಮಾಲ್ಟ್ ಅನ್ನು ಹಾಗೆಯೇ ಬಾಟಲಿಗೆ ತುಂಬುವ ಯೋಚನೆ ಬಂತು. ಮೊಮ್ಮಗ ರಕ್ಷಿತ್ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಓದುತ್ತಿದ್ದಾಗ ಅಲ್ಲಿಯವರಿಗೆ ರುಚಿ ತೋರಿಸಿ ಅಳೆದು ನೋಡಿದರು. 2004ರ ಆಗಸ್ಟ್ 24ರಂದು ಗ್ಲಾಸ್ಗೋದ ಕೆಫೆ ಇಂಡಿಯಾದಲ್ಲಿ ಅಮೃತ್ ಸಿಂಗಲ್ ಮಾಲ್ಟ್ ಬಿಡುಗಡೆಯಾಯಿತು. ಸ್ಕಾಚ್‌ನ ತವರಿನಲ್ಲೇ ಅಂಗಡಿ ತೆರೆದ ಹಾಗೆ! ಸ್ವದೇಶದ ಮಾರುಕಟ್ಟೆಗೆ ಅದು ಬಂದದ್ದು ಆಮೇಲೆ, 2010ರಲ್ಲಿ. ಭಾರತದ ಬಾರ್ಲಿಯನ್ನೂ ಸ್ಕಾಟ್ಲೆಂಡಿನ ಪೀಟ್ ಬಾರ್ಲಿಯನ್ನೂ ಕೂಡಿಸಿದ ಅವರ ‘ಫ್ಯೂಷನ್’ಗೆ ಜಿಮ್ ಮರ್ರೆ ಎಂಬ ಹೆಸರಾಂತ ವಿಮರ್ಶಕ ತನ್ನ 2010ರ ಕೈಪಿಡಿಯಲ್ಲಿ ನೂರಕ್ಕೆ 97 ಅಂಕ ಕೊಟ್ಟು ಲೋಕದಲ್ಲೇ ಮೂರನೆಯದೆಂದ.

ಮೈಸೂರು ರಸ್ತೆಯ ಕಂಬೀಪುರದಲ್ಲಿರುವ ಅಮೃತ್ ಗೋದಾಮಿನ ನಿಜವಾದ ಕತೆ ಹವೆಯದು. ಪೀಪಾಯಿಯಲ್ಲಿ ಮಲಗಿದ ವಿಸ್ಕಿ ವರ್ಷವರ್ಷ ಒಂದಿಷ್ಟು ಆವಿಯಾಗಿ ಹೋಗುತ್ತದೆ. ಅದನ್ನು ದೇವತೆಗಳ ಪಾಲು ಎನ್ನುತ್ತಾರೆ. ಸ್ಕಾಟ್ಲೆಂಡಿನ ಚಳಿಯಲ್ಲಿ ದೇವತೆಗಳು ಶೇ 2ಕ್ಕೆ ತೃಪ್ತರು. ಬೆಂಗಳೂರಿನಲ್ಲಿ ಶೇ 10ರಿಂದ 12. ಲೆಕ್ಕ ಹಾಕಿ: 200 ಲೀಟರ್ ತುಂಬಿಟ್ಟರೆ ಎಂಟು ವರ್ಷಕ್ಕೆ ಅಲ್ಲಿ 170 ಲೀಟರ್ ಉಳಿದೀತು, ಇಲ್ಲಿ 80 ಉಳಿದರೆ ಪುಣ್ಯ. 2013ರಲ್ಲಿ ಹೊರತಂದ ಎಂಟು ವರ್ಷದ ವಿಸ್ಕಿಗೆ ಅಮೃತ್‌ನವರು ‘ಗ್ರೀಡಿ ಏಂಜಲ್ಸ್’, ಎಂದರೆ ದುರಾಸೆಯ ದೇವತೆಗಳು, ಎಂದೇ ಹೆಸರಿಟ್ಟರು. ಆದರೆ ಅದೇ ಸೆಕೆಯಲ್ಲಿ ಮರದ ಸತ್ವ ಬೇಗ ಇಳಿಯುತ್ತದೆ. ನಾಲ್ಕೈದು ವರ್ಷಕ್ಕೇ ವಿಸ್ಕಿ ಮಾಗುತ್ತದೆ. ಬೆಂಗಳೂರಿನದೇ ಜಾನ್ ಡಿಸ್ಟಿಲರೀಸ್ ಗೋವಾದಲ್ಲಿ ಭಟ್ಟಿ ಇಳಿಸಿ, ಪಾಲ್ ಜಾನ್ ಹೆಸರಲ್ಲಿ 2012ರಲ್ಲಿ ಲಂಡನ್ನಿಗೆ ಒಯ್ದದ್ದೂ ಇದೇ ಸೆಕೆಯ ಬಲದಿಂದ.

ಮೇಜಿನ ಮೇಲೆ ಏನೇನು?

ಈ ಹೊತ್ತಿನ ಟೇಸ್ಟಿಂಗ್‌ಗಳಲ್ಲಿ ಮಾತು ಹೆಚ್ಚಾಗಿ ಎರಡು ವಿಷಯದ ಸುತ್ತ. ಒಂದು, ಸ್ಕಾಟ್ಲೆಂಡಿನಲ್ಲಿ ಸತ್ತು ಬದುಕಿದ ಭಟ್ಟಿಗಳು. 1983ರಲ್ಲಿ ಮುಚ್ಚಿದ್ದ ಬ್ರೋರಾ 2021ರಲ್ಲಿ, ಪೋರ್ಟ್ ಎಲೆನ್ 2024ರಲ್ಲಿ ಮತ್ತೆ ತೆರೆದವು. 1993ರಲ್ಲಿ ನಿಂತಿದ್ದ ರೋಸ್‌ಬ್ಯಾಂಕ್ 2023ರಲ್ಲಿ ಒಲೆ ಹೊತ್ತಿಸಿತು. ಮಾಗಲು ಮೂರು ವರ್ಷ ಬೇಕೇಬೇಕು, ಒಳ್ಳೆಯದಕ್ಕೆ ಹತ್ತಾದರೂ ಬೇಕು. ಕಾಯುವವರಿಗೆ ಇದೂ ಒಂದು ಸುಖ.

ಎರಡನೆಯದು ಸುಂಕ. 2025ರ ಜುಲೈ 24ರಂದು ಸಹಿಯಾದ ಭಾರತ–ಬ್ರಿಟನ್ ಒಪ್ಪಂದದಲ್ಲಿ ಸ್ಕಾಚ್ ಮೇಲಿನ ಶೇ 150ರ ಆಮದು ಸುಂಕ ಮೊದಲು 75ಕ್ಕೆ, ಹತ್ತನೇ ವರ್ಷಕ್ಕೆ 40ಕ್ಕೆ ಇಳಿಯಬೇಕೆಂದಿದೆ. ಹಾಗೆಂದು ಬೆಲೆ ಅರ್ಧವಾಗುತ್ತದೆಂದು ಕನಸು ಕಾಣಬೇಡಿ. ಕರ್ನಾಟಕದಲ್ಲಿ ಪ್ರತಿ ಬಾಟಲಿಯೂ 2003ರಲ್ಲಿ ಹುಟ್ಟಿದ ರಾಜ್ಯ ಪಾನೀಯ ನಿಗಮದ ಗೋದಾಮು ಹಾಯ್ದು, ರಾಜ್ಯದ ಅಬಕಾರಿ ಸುಂಕ ಹೊತ್ತೇ ಅಂಗಡಿಗೆ ಬರಬೇಕು.

ಹೊಸದಾಗಿ ಕೊಳ್ಳುವವರು ಲೇಬಲ್ ಓದಲಿ. ‘ಸಿಂಗಲ್ ಮಾಲ್ಟ್’ ಎಂದರೆ ಒಂದೇ ಭಟ್ಟಿಯ, ಮೊಳಕೆ ಬಾರ್ಲಿಯೊಂದರದೇ ವಿಸ್ಕಿ. ‘12 ವರ್ಷ’ ಎಂದಿದ್ದರೆ ಬೆರೆತವುಗಳಲ್ಲಿ ತೀರ ಎಳೆಯದಕ್ಕೂ ಹನ್ನೆರಡಾಗಿದೆ ಎಂದರ್ಥ. ಶೇ 42.8 ಎಂಬ ವಿಚಿತ್ರ ಅಂಕಿ ಕಂಡರೆ, ಅದು ಭಾರತದಲ್ಲಿ ಉಳಿದುಕೊಂಡ ಹಳೆಯ ಬ್ರಿಟಿಷ್ ಅಳತೆ. ಸ್ಕಾಚ್ ಎಂದಿದ್ದೂ ಭಾರತದಲ್ಲಿ ಬಾಟಲಿ ತುಂಬಿದ್ದೆಂದಿದ್ದರೆ ಅದು ಬೆರಕೆ ಸ್ಕಾಚ್. ಸಿಂಗಲ್ ಮಾಲ್ಟ್ ಸ್ಕಾಚ್ ಸ್ಕಾಟ್ಲೆಂಡಿನಲ್ಲೇ ತುಂಬಿ ಬರಬೇಕೆಂಬುದು ಕಾನೂನು. ಇಷ್ಟೆಲ್ಲ ಬಲ್ಲವರೂ ಒಂದು ಮಾತು ಮರೆಯಬಾರದು: ದುಬಾರಿ ಬಾಟಲಿಯಲ್ಲಿರುವುದೂ ಮದ್ಯಸಾರವೇ, ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ನಮ್ಮ ಊರ ಹೆಸರು

ಹರಿಯಾಣದ ಕರ್ನಾಲ್ ಜಿಲ್ಲೆಯಲ್ಲಿ ಇಂದ್ರಿ ಎಂಬ ಸಣ್ಣ ಊರಿದೆ. ಅಲ್ಲಿ ಕಬ್ಬು ಅರೆಯುತ್ತಿದ್ದ ಪಿಕ್ಯಾಡಿಲಿ ಕಂಪನಿ ಮಾಲ್ಟ್ ಇಳಿಸಿ, ಆ ಊರ ಹೆಸರನ್ನೇ ಬಾಟಲಿಗಿಟ್ಟು 2021ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಎರಡೇ ವರ್ಷದಲ್ಲಿ ‘ಇಂದ್ರಿ’ ದೇಶವಿದೇಶಗಳ ಕಪಾಟಿನಲ್ಲಿತ್ತು. ಕಬ್ಬಿನವರ ಕೈಯಲ್ಲಿ ಏನೆಲ್ಲ ಆಗಬಹುದು ಎಂಬುದಕ್ಕೆ ಅಮೃತ್‌ನವರ ಬೆಲ್ಲದ ರಮ್ಮೂ ಸಾಕ್ಷಿ. ಅದರ ಹೆಸರೇ ‘ಬೆಲ್ಲ’.

ನಮ್ಮ ಸೀಮೆಯ ಹಣೆಬರಹ ಬೇರೆ. ನಿಪ್ಪಾಣಿಯ ತಂಬಾಕು ಯಾರದೋ ಬ್ರಾಂಡಿನ ಬೀಡಿಯೊಳಗೆ ಉರಿಯುತ್ತದೆ. ಅಥಣಿಯ ಸಮಗಾರರು ಹೊಲಿದ ಚಪ್ಪಲಿ ಕೊಲ್ಹಾಪುರಿ ಎಂದೇ ಲೋಕಕ್ಕೆ ಗೊತ್ತು. ಆ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಸೂಚಕ (ಜಿ.ಐ) ಮಾನ್ಯತೆಯಲ್ಲಿ ಬೆಳಗಾವಿ ಜಿಲ್ಲೆಗೂ ಪಾಲು ಸಿಕ್ಕಿತು, ಹೆಸರು ಮಾತ್ರ ಹೊಳೆಯಾಚೆಯದೇ ಉಳಿಯಿತು. ಕಬ್ಬಿಗಂತೂ ಹೆಸರೇ ಇಲ್ಲ, ತೂಕ ಮಾತ್ರ. ಇದು ವಿಸ್ಕಿ ಮಾಡಿ ಎಂಬ ಮಾತಲ್ಲ. ಬೆಲ್ಲವೇ ಆಗಲಿ, ‘ಇದು ಯಾವ ಊರಿನದು’ ಎಂದು ಕೊಳ್ಳುವವನು ಕೇಳುವಂತೆ ಮಾಡುವ ವಿದ್ಯೆಯನ್ನು ಐಲಾದ ಮೂರು ಸಾವಿರ ಜನರಿಂದ ಕಲಿಯಬಹುದಿತ್ತು.

ಮೊನ್ನೆ ಬೆಂಗಳೂರಿನ ಗೆಳೆಯ ಮತ್ತೆ ಸಂದೇಶ ಕಳಿಸಿದ: ‘ಮುಂದಿನ ತಿಂಗಳು ಟೇಸ್ಟಿಂಗ್. ನಾಲ್ಕು ಸ್ಕಾಚ್, ಒಂದು ನಮ್ದು. ಬರ್ತೀಯಾ?’ ಕಳೆದ ಸಲದ ಲೋಟ ಕಾಕಾನ ಕಪಾಟಿನಲ್ಲಿದೆ. ತೊಳೆದು ಅಡಕೆ ಹೋಳು ಹಾಕಿಟ್ಟಿದ್ದಾರೆ. ಬರುತ್ತೇನೆ ಎಂದು ಬರೆದು, ಕಾಕಾನಿಗೆ ತೋರಿಸಲು ಈ ಸಲ ತೊಳೆಯದ ಲೋಟ ಐದು ಬೇಕೆಂದೂ ಸೇರಿಸಿದೆ.