ಪಿತ್ತನಾಳದ ಎಂಡೋಸ್ಕೋಪಿಯಲ್ಲಿ ಬಿಂಬ ಮಾರ್ಗದರ್ಶನ

ಬಾಯಿಯ ಮೂಲಕ ಇಳಿಸಿದ ಎಂಡೋಸ್ಕೋಪ್ ನಳಿಕೆಯ ನೆರವಿನಿಂದ ಪಿತ್ತನಾಳದ ಕಲ್ಲು, ಅಡಚಣೆ ಮುಂತಾದವುಗಳಿಗೆ ಚಿಕಿತ್ಸೆ ನೀಡುವಾಗ, ಉಪಕರಣಗಳು ಎತ್ತ ಸಾಗುತ್ತಿವೆ ಎಂಬುದನ್ನು ಕ್ಷ-ಕಿರಣ ಮೊದಲಾದ ಚಿತ್ರಣ ವಿಧಾನಗಳಿಂದ ಆ ಕ್ಷಣದಲ್ಲಿಯೇ ಕಂಡುಕೊಳ್ಳುವ ಕ್ರಮವನ್ನು ಬಿಂಬ ಮಾರ್ಗದರ್ಶನ ಎನ್ನುತ್ತಾರೆ. ಈ ಚಿಕಿತ್ಸೆಯು ಇ.ಆರ್.ಸಿ.ಪಿ. ಎಂಬ ಮೊಟಕು ಹೆಸರಿನಿಂದ ಪರಿಚಿತವಾಗಿದೆ. ಅದರಲ್ಲಿನ 'ರೆಟ್ರೋಗ್ರೇಡ್' ಎಂಬ ಪದಕ್ಕೆ ಹಿಮ್ಮುಖ ಎಂದರ್ಥ. ಕೆರೆಯ ತೂಬಿನ ಹೊರಬಾಯಿಯಿಂದ ನೀರಿಗೆ ಎದುರಾಗಿ ಒಳಹೊಗುವಂತೆ, ಇಲ್ಲಿ ಪಿತ್ತರಸ ಹರಿದುಬರುವ ದಾರಿಯಲ್ಲಿ ಕೆಳಗಿನಿಂದ ಮೇಲಕ್ಕೆ ಹೋಗಬೇಕಾಗುತ್ತದೆ.

ಅಗತ್ಯ

ಯಕೃತ್ತಿನಲ್ಲಿ ಉತ್ಪತ್ತಿಯಾದ ಪಿತ್ತರಸವು ಪಿತ್ತನಾಳದ ಮೂಲಕ ಸಣ್ಣಕರುಳಿನ ಮೊದಲ ಭಾಗವಾದ ಡ್ಯುಯೋಡಿನಮ್‌ಗೆ ಸೇರುತ್ತದೆ. ಅದು ಸೇರುವ ಸಣ್ಣ ಉಬ್ಬಿನಲ್ಲಿಯೇ ಸಾಮಾನ್ಯವಾಗಿ ಮೇದೋಜೀರಕ ಗ್ರಂಥಿಯ ನಾಳವೂ ತೆರೆದುಕೊಳ್ಳುತ್ತದೆ. ತೊಡಕಿನ ಮೂಲವೇ ಇದು. ಎಂಡೋಸ್ಕೋಪಿನ ಕ್ಯಾಮೆರಾ ಈ ಬಾಗಿಲಿನವರೆಗೆ ಮಾತ್ರ ತೋರಿಸಬಲ್ಲದು. ಅದರಾಚೆ ತಂತಿಯು ಪಿತ್ತನಾಳವನ್ನು ಹೊಕ್ಕಿತೋ, ಮೇದೋಜೀರಕ ನಾಳವನ್ನು ಹೊಕ್ಕಿತೋ ಎಂಬುದು ಅದಕ್ಕೆ ಕಾಣದು. ಮೇದೋಜೀರಕ ನಾಳಕ್ಕೆ ಮತ್ತೆ ಮತ್ತೆ ತಂತಿ ತಾಗಿದರೆ, ಅಥವಾ ಅದರೊಳಗೆ ಔಷಧ ತುಂಬಿದರೆ, ಗ್ರಂಥಿಯು ಊದಿಕೊಳ್ಳುವ ಅಪಾಯ ಹೆಚ್ಚುತ್ತದೆ. ಇ.ಆರ್.ಸಿ.ಪಿ.ಯ ತೊಂದರೆಗಳಲ್ಲಿ ಇದೇ ಮುಖ್ಯವಾದದ್ದು; ಅಪರೂಪವಾಗಿ ಪ್ರಾಣಾಂತಕವೂ ಹೌದು.

ವಿಧಾನ

ಪಕ್ಕಕ್ಕೆ ನೋಡುವ ಮಸೂರವುಳ್ಳ ನಳಿಕೆಯಿಂದ ನಾಳದ ಬಾಯಿಯನ್ನು ಗುರುತಿಸಿ, ತೆಳುವಾದ ತಂತಿಯನ್ನು ಒಳಗೆ ತೂರಿಸುತ್ತಾರೆ. ಅದೇ ವೇಳೆ ಫ್ಲೋರೋಸ್ಕೋಪಿ ಯಂತ್ರದ ಪರದೆಯ ಮೇಲೆ ಅದರ ಚಲನೆ ಕಾಣುತ್ತದೆ. ತಂತಿ ಯಕೃತ್ತಿನ ಕಡೆಗೆ ಮೇಲೇರಿದರೆ ಅದು ಪಿತ್ತನಾಳದಲ್ಲಿದೆ. ಬೆನ್ನೆಲುಬನ್ನು ಅಡ್ಡ ದಾಟಿ ಎಡಕ್ಕೆ ಹೋದರೆ ಮೇದೋಜೀರಕ ನಾಳದಲ್ಲಿದೆ. ಸರಿಯಾದ ದಾರಿ ಖಚಿತವಾದ ಮೇಲೆ ಅಯೋಡಿನ್ ಬೆರೆತ ವರ್ಣದ್ರವವನ್ನು ಬಿಡುತ್ತಾರೆ. ದ್ರವ ತುಂಬಿದ ನಾಳ ಮರದ ಕೊಂಬೆಗಳಂತೆ ಮೂಡುತ್ತದೆ. ಕಲ್ಲು ಇದ್ದೆಡೆ ದ್ರವ ತುಂಬದ ತೆರಪು ಕಾಣುತ್ತದೆ. ನಾಳ ಕಿರಿದಾಗಿದ್ದರೆ ಅಲ್ಲಿ ಸೊಂಟ ಹಿಡಿದಂತಿರುತ್ತದೆ.

ಚಿತ್ರ ಓದುವುದು ತೋರುವಷ್ಟು ಸುಲಭವಲ್ಲ. ಸಿರಿಂಜಿನಲ್ಲಿ ಉಳಿದ ಗಾಳಿಗುಳ್ಳೆಯೂ ಕಲ್ಲಿನಂತೆಯೇ ತೋರುತ್ತದೆ. ಆದ್ದರಿಂದ ಗಾಳಿಯನ್ನು ಮೊದಲೇ ಹೊರಹಾಕುತ್ತಾರೆ. ದ್ರವ ಅತಿ ಗಾಢವಾಗಿದ್ದರೆ ಅಗಲವಾದ ನಾಳದಲ್ಲಿ ಸಣ್ಣ ಕಲ್ಲುಗಳು ಅದರೊಳಗೆ ಮುಚ್ಚಿಹೋಗುತ್ತವೆ, ಅದಕ್ಕಾಗಿ ತೆಳುಗೊಳಿಸುವುದುಂಟು. ಕಲ್ಲುಗಳನ್ನು ಬಲೂನು ಅಥವಾ ಬುಟ್ಟಿಯಿಂದ ತೆಗೆದ ಮೇಲೆ ಮತ್ತೊಮ್ಮೆ ಚಿತ್ರ ತೆಗೆದು, ಏನೂ ಉಳಿದಿಲ್ಲವೆಂದು ನೋಡಿಕೊಳ್ಳುತ್ತಾರೆ.

ಇತಿಹಾಸ

ಕ್ಷ-ಕಿರಣವನ್ನು ರಾಂಟ್‌ಜನ್ ಕಂಡುಹಿಡಿದದ್ದು 1895ರಲ್ಲಿ. ಎಂಡೋಸ್ಕೋಪಿನ ಮೂಲಕ ಈ ನಾಳಗಳಿಗೆ ದ್ರವ ತುಂಬಿ ಚಿತ್ರ ತೆಗೆದ ಮೊದಲ ವರದಿಯನ್ನು ಅಮೆರಿಕದ ವಿಲಿಯಂ ಮೆಕ್ಯೂನ್ ಮತ್ತು ಸಂಗಡಿಗರು 1968ರಲ್ಲಿ ಪ್ರಕಟಿಸಿದರು. 1974ರಲ್ಲಿ ಜರ್ಮನಿ ಮತ್ತು ಜಪಾನಿನ ವೈದ್ಯರು ನಾಳದ ಬಾಯಿಯ ಸ್ನಾಯುವನ್ನು ಒಳಗಿನಿಂದಲೇ ಸೀಳುವ ವಿಧಾನವನ್ನು ವರದಿ ಮಾಡಿದರು. ಅಲ್ಲಿಯವರೆಗೆ ರೋಗ ಪತ್ತೆಗೆ ಸೀಮಿತವಾಗಿದ್ದ ಕ್ರಮ ಚಿಕಿತ್ಸೆಯಾದದ್ದು ಹೀಗೆ. 1990ರ ದಶಕದಲ್ಲಿ ಬಂದ ಎಂ.ಆರ್.ಸಿ.ಪಿ. ಎಂಬ ಕಾಂತೀಯ ಚಿತ್ರಣವು ವಿಕಿರಣವಿಲ್ಲದೆ, ನಳಿಕೆ ಇಳಿಸದೆ ನಾಳಗಳನ್ನು ತೋರಿಸುತ್ತದೆ. ಎಂಡೋಸ್ಕೋಪಿನ ತುದಿಯಲ್ಲಿಯೇ ಅಲ್ಟ್ರಾಸೌಂಡ್ ಇರುವ ಉಪಕರಣವು ಹರಳಿನಷ್ಟು ಸಣ್ಣ ಕಲ್ಲನ್ನೂ ಪತ್ತೆಮಾಡುತ್ತದೆ. ಈ ಎರಡರಿಂದಾಗಿ, ಬರೀ ನೋಡುವುದಕ್ಕಾಗಿ ಇ.ಆರ್.ಸಿ.ಪಿ. ಮಾಡುವುದು ಇಂದು ಬಹುಮಟ್ಟಿಗೆ ನಿಂತಿದೆ.

ವಿಕಿರಣದ ಎಚ್ಚರ

ರೋಗಿಗೆ ಒಮ್ಮೆ ತಾಗುವ ವಿಕಿರಣಕ್ಕಿಂತ, ದಿನವೂ ಅದೇ ಕೋಣೆಯಲ್ಲಿ ದುಡಿಯುವ ವೈದ್ಯರು ಮತ್ತು ದಾದಿಯರಿಗೆ ಒಟ್ಟಾಗಿ ತಗಲುವುದು ಹೆಚ್ಚಾಗಬಹುದು. ಸೀಸದ ಏಪ್ರನ್, ಕೊರಳ ಕವಚ, ಕನ್ನಡಕ ಅದಕ್ಕಾಗಿಯೇ. ಕಿರಣದ ಮೂಲದಿಂದ ಎರಡರಷ್ಟು ದೂರ ನಿಂತರೆ ತೀವ್ರತೆ ಸುಮಾರು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ ಎಂಬ ಶಾಲೆಯ ಭೌತಶಾಸ್ತ್ರವೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಭಾರತದಲ್ಲಿ ಇದರ ನಿಯಂತ್ರಣ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದು. ಗರ್ಭಿಣಿಯರಲ್ಲಿ ಚಿಕಿತ್ಸೆ ಅನಿವಾರ್ಯವಾದರೆ, ಹೀರಿದ ದ್ರವ ಪಿತ್ತರಸವೇ ಎಂದು ನೋಡಿ ದಾರಿ ಖಚಿತಪಡಿಸಿಕೊಳ್ಳುವ ಕ್ರಮವೂ ಇದೆ.

ಕರ್ನಾಟಕದಲ್ಲಿ

ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜಠರ ಮತ್ತು ಕರುಳಿನ ರೋಗಗಳಿಗೆ ಮೀಸಲಾದ ಸರ್ಕಾರಿ ಸಂಸ್ಥೆಯಿದೆ. ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಂತಹ ಊರುಗಳವರಿಗೆ ಮೊದಲ ಹೆಜ್ಜೆಯಾದ ಅಲ್ಟ್ರಾಸೌಂಡ್ ಜಿಲ್ಲಾ ಕೇಂದ್ರದಲ್ಲಿಯೇ ದೊರೆಯುತ್ತದೆ, ಇ.ಆರ್.ಸಿ.ಪಿ.ಗೆ ಸಾಮಾನ್ಯವಾಗಿ ದೊಡ್ಡ ನಗರವನ್ನೇ ಹಿಡಿಯಬೇಕಾಗುತ್ತದೆ. ಹಳ್ಳಿಗಳಲ್ಲಿ ಕಣ್ಣು ಹಳದಿಯಾದರೆ ಕಾಮಾಲೆಯೆಂದು ನಾಟಿ ಮದ್ದು ಕುಡಿಸಿ ಕಾಯುವ ರೂಢಿ ಇನ್ನೂ ಹೋಗಿಲ್ಲ. ಸೋಂಕಿನಿಂದಾದ ಕಾಮಾಲೆ ಹಲವೊಮ್ಮೆ ತಾನಾಗಿ ಇಳಿಯುವುದರಿಂದ ಮದ್ದಿಗೆ ಹೆಸರು ಬರುತ್ತದೆ. ಆದರೆ ನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಆದ ಕಾಮಾಲೆಯ ವಿಷಯ ಬೇರೆ. ಹಳದಿಯ ಜೊತೆಗೆ ಚಳಿಜ್ವರ ಮತ್ತು ಹೊಟ್ಟೆಯ ಬಲ ಮೇಲ್ಭಾಗದಲ್ಲಿ ನೋವು ಬಂದರೆ, ಅದು ನಾಳದ ಸೋಂಕಿನ ಸೂಚನೆಯಾಗಿರಬಹುದು. ಆಗ ದಿನಗಟ್ಟಲೆ ಕಾಯುವಂತಿಲ್ಲ.

ಚಿಕಿತ್ಸೆಯಲ್ಲಿ ಪ್ಲಾಸ್ಟಿಕ್ ಸ್ಟೆಂಟ್ ಇರಿಸಿದ್ದರೆ, ಅದನ್ನು ಸಾಮಾನ್ಯವಾಗಿ ಮೂರು ತಿಂಗಳೊಳಗೆ ತೆಗೆಯಬೇಕು ಇಲ್ಲವೆ ಬದಲಿಸಬೇಕು. ನೋವಿಲ್ಲವೆಂದು ಮರೆತರೆ ಅದು ಕಟ್ಟಿಕೊಂಡು ಕಾಮಾಲೆ ಮರುಕಳಿಸುತ್ತದೆ. ಸ್ಟೆಂಟ್ ಸ್ವಸ್ಥಾನದಲ್ಲಿದೆಯೇ ಎಂಬುದನ್ನು ಹೊಟ್ಟೆಯ ಸಾಧಾರಣ ಎಕ್ಸ್-ರೇಯಿಂದಲೂ ತಿಳಿಯಬಹುದು. ಇರಿಸಿದ ದಿನಾಂಕವು ಬಿಡುಗಡೆ ಪತ್ರದಲ್ಲಿ ಬರೆದಿರುತ್ತದೆ.